ಮೈನರ್ ಶುರು ಮಾಡುವ ಮುಂಚೆ ಟೈಮ್‌ಟೇಬಲ್ ತೆಗೆದು ನೋಡಿ

ಪಠ್ಯಕ್ರಮ, ಪರೀಕ್ಷೆಗಳನ್ನು ತಾವೇ ನೋಡಿಕೊಳ್ಳುವ ಸ್ವಾಯತ್ತ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ವರ್ಷಕ್ಕೊಮ್ಮೆ ಈ ಮಾತು ಏಳುತ್ತದೆ. "ಸಾರ್, ನಾವೂ ಒಂದು ಹೊಸ ಮೈನರ್ ಇಡೋಣ." ಮೈನರ್ ಎಂದರೆ ಪದವಿಯ ಮುಖ್ಯ ವಿಷಯದ ಜೊತೆಗೆ ಓದುವ ಎರಡನೆಯ, ಸಣ್ಣ ವಿಷಯ. ಅದರ ಹೆಸರು ಆಗಲೇ ರೆಡಿ ಇರುತ್ತದೆ. ಈಗೀಗಂತೂ ಆ ಹೆಸರಿನಲ್ಲಿ ಎಲ್ಲಾದರೂ ಒಂದು ಕಡೆ 'ಎಐ' ಇದ್ದೇ ಇರುತ್ತದೆ. ಬ್ರೋಷರ್ ಅಚ್ಚಿಗೆ ಹೋದ ಮೇಲೆ ಯಾರೋ ಒಬ್ಬರು ಮೆಲ್ಲಗೆ ಕೇಳುತ್ತಾರೆ: ಇದು ಅಧ್ಯಯನ ಮಂಡಳಿಯಲ್ಲಿ ಪಾಸಾಗಿದೆಯಾ?

ನಾನು ಕೆಲವು ವರ್ಷ, ಸಿಲೆಬಸ್ ನೋಡಿ ಒಪ್ಪಿಗೆ ಕೊಡುವ ಅಂಥ ಮಂಡಳಿಗಳ ಸಭೆಯಲ್ಲಿ ಕೂತವನು. ಸಿಲೆಬಸ್ ಕೆಟ್ಟದಾಗಿದೆ ಅಂತ ಬಿದ್ದುಹೋದ ಪ್ರಸ್ತಾವ ನೋಡಿದ್ದು ಕಡಿಮೆ. ಪಾಠ ಮಾಡುವವರಿಲ್ಲದೆ, ಟೈಮ್‌ಟೇಬಲ್‌ನಲ್ಲಿ ಜಾಗ ಇಲ್ಲದೆ, ನಿಯಮದ ಒಂದು ಸಾಲು ಬರೆಯದೆ ಬಿದ್ದವೇ ಜಾಸ್ತಿ. ಹಾಗಾಗಿ ಇಲ್ಲಿ ಕೆಲಸದ ಕಡೆಯಿಂದಲೇ ಹೇಳುತ್ತೇನೆ. ಉದಾಹರಣೆಗೆ ಒಂದು ಮೈನರ್ ಇಟ್ಟುಕೊಳ್ಳೋಣ: 'ಶಾಸನ ಅಧ್ಯಯನ'. ಊರೂರಿನ ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ ಕಲ್ಲುಗಳು ನಿಂತಿವೆ. ಓದುವವರು ಬೇಕು.

ಪದಗಳು ಮೊದಲು

ಮೇಜರ್ ಎಂದರೆ ಪದವಿಯ ಮುಖ್ಯ ವಿಷಯ. ಕಾನ್ಸಂಟ್ರೇಷನ್ ಅದೇ ವಿಷಯದೊಳಗಿನ ಒಂದು ಕವಲು. ಅರ್ಥಶಾಸ್ತ್ರದ ವಿದ್ಯಾರ್ಥಿ ಐಚ್ಛಿಕ ಪತ್ರಿಕೆಗಳನ್ನೆಲ್ಲ ಕೃಷಿ ಅರ್ಥಶಾಸ್ತ್ರದ ಸುತ್ತಲೇ ಆರಿಸಿಕೊಂಡರೆ ಅದು ಕಾನ್ಸಂಟ್ರೇಷನ್. ನಮ್ಮಲ್ಲಿ ಇದಕ್ಕೆ ಸ್ಪೆಷಲೈಸೇಷನ್ ಎನ್ನುವುದೇ ರೂಢಿ. ಎಂಬಿಎ ಮಾಡಿದವರನ್ನು "ಫೈನಾನ್ಸಾ, ಮಾರ್ಕೆಟಿಂಗಾ?" ಅಂತ ಕೇಳುತ್ತೇವಲ್ಲ, ಅದೇ. ಮೈನರ್ ಹಾಗಲ್ಲ, ಅದು ಪಕ್ಕದ ಹೊಲದ ಬೆಳೆ. ಇತಿಹಾಸ ಓದುವವಳು ಸಂಖ್ಯಾಶಾಸ್ತ್ರದಲ್ಲಿ, ಬಿಕಾಂ ಹುಡುಗ ಶಾಸನದಲ್ಲಿ.

ಈ ವ್ಯತ್ಯಾಸ ಅನುಮೋದನೆಯ ದಾರಿಯನ್ನೇ ಬದಲಿಸುತ್ತದೆ. ಕಾನ್ಸಂಟ್ರೇಷನ್ ಒಂದೇ ವಿಭಾಗದ ಮನೆಯೊಳಗಿನ ಮಾತು. ಆ ವಿಷಯದ ಅಧ್ಯಯನ ಮಂಡಳಿ ಐಚ್ಛಿಕ ಪತ್ರಿಕೆಗಳನ್ನು ಗುಂಪು ಮಾಡಿ ಮೇಲಕ್ಕೆ ಕಳಿಸಿದರೆ ಹೆಚ್ಚಿನ ಜಗಳವಿಲ್ಲ. ಮೈನರ್‌ಗೆ ಬರುವವರು ಬೇರೆ ವಿಭಾಗದವರು. ಅವರ ಟೈಮ್‌ಟೇಬಲ್ ಬೇರೆ, ಹಿನ್ನೆಲೆ ಬೇರೆ. ಎರಡು ಮನೆಯ ಒಪ್ಪಿಗೆ ಬೇಕು.

ವಿದೇಶದಲ್ಲಿ ಓದುವ ಮಕ್ಕಳಿರುವವರಿಗೆ ಒಂದು ಮಾತು. ಹಾರ್ವರ್ಡ್‌ನಲ್ಲಿ ಮೇಜರ್‌ಗೇ ಕಾನ್ಸಂಟ್ರೇಷನ್ ಅನ್ನುತ್ತಾರೆ. ನಾವು ಮೈನರ್ ಅನ್ನುವುದಕ್ಕೆ ಅಲ್ಲಿ ಸೆಕೆಂಡರಿ ಫೀಲ್ಡ್ ಎಂದು ಹೆಸರು. ಬ್ರೌನ್ ವಿಶ್ವವಿದ್ಯಾಲಯದಲ್ಲೂ ಮೇಜರ್ ಎಂದರೆ ಕಾನ್ಸಂಟ್ರೇಷನ್ನೇ. ಪದ ನೋಡಿ ಅರ್ಥ ಮಾಡಿಕೊಳ್ಳಬೇಡಿ, ಆ ವಿಶ್ವವಿದ್ಯಾಲಯದ ಕೈಪಿಡಿ ನೋಡಿ.

ಇನ್ನೊಂದು ಗೊಂದಲ ಪದವಿಯ ಹೆಸರಿನದು. ಬಿಎ, ಬಿಎಸ್ಸಿ, ಬಿಕಾಂ ಇಂಥ ಹೆಸರುಗಳನ್ನು ಕಾಲೇಜು ಮನಸ್ಸಿಗೆ ಬಂದಂತೆ ಹುಟ್ಟಿಸುವ ಹಾಗಿಲ್ಲ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನ ಪ್ರಕಾರ ಯುಜಿಸಿ ಗೊತ್ತುಮಾಡಿದ ಪದವಿಗಳನ್ನಷ್ಟೇ ಕೊಡಬೇಕು. ಮೈನರ್ ಪದವಿಯಲ್ಲ. ಅದು ಪದವಿಯ ಜೊತೆ ಬರೆಯುವ ಒಂದು ಗುರುತು. ಆದ್ದರಿಂದ ದೆಹಲಿಯವರೆಗೆ ಹೋಗಬೇಕಾಗಿಲ್ಲ. ಹಾಗೆಂದು ಬ್ರೋಷರ್‌ನಲ್ಲಿ 'ಬಿ.ಎ. ಶಾಸನಶಾಸ್ತ್ರ' ಎಂದು ಹಾಕಿದರೆ ಮಾತ್ರ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೀರಿ.

ಹೆಜ್ಜೆ 1: ನಿಮ್ಮದು ಯಾವ ನಿಯಮ ಪುಸ್ತಕ?

ಕರ್ನಾಟಕದಲ್ಲಿ ಇದು ನಿಜಕ್ಕೂ ತಲೆ ಕೆಡಿಸುವ ಪ್ರಶ್ನೆ. ರಾಜ್ಯ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ಪದವಿ ಶುರು ಮಾಡಿತು. ಯುಜಿಸಿಯ ಪದವಿ ಪಠ್ಯಕ್ರಮ ಮತ್ತು ಕ್ರೆಡಿಟ್ ಚೌಕಟ್ಟು ಬಂದದ್ದು 2022ರ ಡಿಸೆಂಬರ್‌ನಲ್ಲಿ. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ಸರ್ಕಾರ ಆದೇಶ ಹೊರಡಿಸಿ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದೇ ಕಾರಿಡಾರಿನಲ್ಲಿ ಸೀನಿಯರ್‌ಗೆ ಒಂದು ನಿಯಮ, ಜೂನಿಯರ್‌ಗೆ ಇನ್ನೊಂದು! ಕ್ಲರ್ಕುಗಳ ಪಾಡು ಕೇಳಬೇಡಿ.

ಆದ್ದರಿಂದ ಪ್ರಸ್ತಾವದ ಮೊದಲ ಸಾಲಿನಲ್ಲೇ ಬರೆಯಿರಿ: ಈ ಮೈನರ್ ಯಾವ ವರ್ಷ ಸೇರಿದ ವಿದ್ಯಾರ್ಥಿಗಳಿಗೆ, ಯಾವ ನಿಯಮಾವಳಿಯ ಅಡಿಯಲ್ಲಿ. ಸ್ವಾಯತ್ತ ಕಾಲೇಜಾದರೂ ಮಾತೃ ವಿಶ್ವವಿದ್ಯಾಲಯದ ಪದವಿ ರಚನೆಯನ್ನು ಪಕ್ಕಕ್ಕೆ ಇಟ್ಟು ಹೊರಡಲಾಗದು. ಪದವಿ ಪತ್ರ ಕೊಡುವುದು ಅವರೇ ಅಲ್ವಾ? ಆ ರಚನೆಯಲ್ಲಿ ಮೈನರ್ ಎಂಬ ಕಲಂ ಇದೆಯೋ ಇಲ್ಲವೋ ಮೊದಲು ನೋಡಿ. ಇಲ್ಲದಿದ್ದರೆ ಅದೇ ಪತ್ರಿಕೆಗಳನ್ನು ಸರ್ಟಿಫಿಕೇಟ್ ಕೋರ್ಸಾಗಿ ನಡೆಸುವ ದಾರಿ ಇದೆ. ಸ್ವಾಯತ್ತ ಕಾಲೇಜು ತನ್ನ ಮೊಹರಿನಲ್ಲಿ ಸರ್ಟಿಫಿಕೇಟ್ ಕೊಡಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಎಂಜಿನಿಯರಿಂಗ್‌ನ ಲೆಕ್ಕವೇ ಬೇರೆ. ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಎಐಸಿಟಿಇ ಮಾದರಿಯಲ್ಲಿ ಬಿಟೆಕ್‌ಗೆ ಸುಮಾರು 160 ಕ್ರೆಡಿಟ್ (ಕ್ರೆಡಿಟ್ ಎಂದರೆ ಪಾಠದ ಗಂಟೆಗಳ ಅಳತೆ). ಮೈನರ್ ಬೇಕೆಂದರೆ ಅದರ ಮೇಲೆ 18ರಿಂದ 20 ಕ್ರೆಡಿಟ್ ಹೆಚ್ಚಿಗೆ ಓದಬೇಕು. ಯುಜಿಸಿ ಚೌಕಟ್ಟಿನಲ್ಲಿ ಹಾಗಲ್ಲ. ಅಲ್ಲಿ ಮೈನರ್ ಪದವಿಯ 120 ಕ್ರೆಡಿಟ್‌ನ ಒಳಗೇ ಇದೆ. ಒಂದು ಊಟದ ಜೊತೆಗೇ ಬರುವ ಪಲ್ಯ, ಇನ್ನೊಂದು ಎಕ್ಸ್‌ಟ್ರಾ ಹೇಳಿ ತರಿಸಿಕೊಳ್ಳುವ ಪಲ್ಯ. ವಿದ್ಯಾರ್ಥಿಯ ಮೇಲೆ ಬೀಳುವ ಹೊರೆ ಪೂರ್ತಿ ಬೇರೆಯಾಗುತ್ತದೆ. ಎಷ್ಟೋ ಪ್ರಸ್ತಾವಗಳು ಇದನ್ನು ಸ್ಪಷ್ಟ ಮಾಡುವುದೇ ಇಲ್ಲ.

ಹೆಜ್ಜೆ 2: ಕ್ರೆಡಿಟ್ಟನ್ನು ಗಂಟೆಗೆ ಇಳಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನನ್ನ ಪ್ರಕಾರ ಮೈನರ್ ಉಳಿಯುವುದೋ ಸಾಯುವುದೋ ಈ ಪುಟದಲ್ಲೇ ತೀರ್ಮಾನವಾಗುತ್ತದೆ.

ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್. ಅದರಲ್ಲಿ ಮೇಜರ್‌ಗೆ 60, ಮೈನರ್ ಭಾಗಕ್ಕೆ 24. ನಾಲ್ಕು ವರ್ಷದ್ದಾದರೆ ಒಟ್ಟು 160, ಮೇಜರ್‌ಗೆ 80, ಮೈನರ್‌ಗೆ 32. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರ್‌ಗೆ 15 ಗಂಟೆ ಪಾಠ, ಅಂದರೆ ವಾರಕ್ಕೆ ಒಂದು ಗಂಟೆ. ಪ್ರಾಯೋಗಿಕವಾದರೆ ಒಂದು ಕ್ರೆಡಿಟ್‌ಗೆ 30 ಗಂಟೆ.

ಈಗ ನಮ್ಮ ಶಾಸನದ ಮೈನರ್‌ಗೆ 24 ಕ್ರೆಡಿಟ್‌ನ ಆರು ಪತ್ರಿಕೆ ಇಟ್ಟೆವು ಎನ್ನಿ. ನಾಲ್ಕು ಪೂರ್ತಿ ಪಾಠದವು. ಉಳಿದ ಎರಡರಲ್ಲಿ ಅರ್ಧ ಪಾಠ, ಅರ್ಧ ಪ್ರಾಯೋಗಿಕ: ಲಿಪಿ ಓದುವುದು ಒಂದರಲ್ಲಿ, ಕ್ಷೇತ್ರಕಾರ್ಯ ಇನ್ನೊಂದರಲ್ಲಿ. ಪಾಠದ ಪತ್ರಿಕೆಗೆ ವಾರಕ್ಕೆ 4 ಗಂಟೆ. ಪ್ರಾಯೋಗಿಕ ಸೇರಿದ್ದಕ್ಕೆ 2 ಗಂಟೆ ಪಾಠ, 4 ಗಂಟೆ ಪ್ರಾಯೋಗಿಕ, ಒಟ್ಟು 6. ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಪತ್ರಿಕೆ, ನಾಲ್ಕರಲ್ಲಿ ಒಂದು, ಐದರಲ್ಲಿ ಎರಡು, ಆರರಲ್ಲಿ ಎರಡು.

ಮೊದಲ ವರ್ಷ ಎಲ್ಲ ಸಲೀಸು. ಎರಡನೇ ಬ್ಯಾಚ್ ಬಂತು ಅನ್ನಿ, ಮೂರನೇ ಮತ್ತು ಐದನೇ ಸೆಮಿಸ್ಟರ್ ಒಟ್ಟಿಗೇ ನಡೆಯುತ್ತವೆ. ಮೂರು ಪತ್ರಿಕೆ, ವಾರಕ್ಕೆ 14 ಗಂಟೆ. ಅಸಿಸ್ಟೆಂಟ್ ಪ್ರೊಫೆಸರ್‌ಗೆ ಯುಜಿಸಿ 2018ರ ನಿಯಮದ ಪ್ರಕಾರ ವಾರಕ್ಕೆ 16 ಗಂಟೆ ನೇರ ಪಾಠ. ಅಂದರೆ ಹೆಚ್ಚು ಕಡಿಮೆ ಒಂದು ಪೂರ್ತಿ ಹುದ್ದೆಯನ್ನೇ ಈ ಮೈನರ್ ತಿನ್ನುತ್ತದೆ. ಆ ಹುದ್ದೆ ನಿಮ್ಮಲ್ಲಿ ಇದೆಯಾ? "ಅತಿಥಿ ಉಪನ್ಯಾಸಕರು ಮಾಡ್ತಾರೆ ಬಿಡಿ" ಅಂದರೆ, ಅವರು ಮುಂದಿನ ವರ್ಷವೂ ಇರುತ್ತಾರೆ ಅಂತ ಯಾರು ಹೇಳಿದರು?

ಇದಕ್ಕೆ ಚೌಕಟ್ಟಿನಲ್ಲೇ ಒಂದು ಕಿಟಕಿ ಇದೆ. ಮೈನರ್ ಭಾಗದ ಕ್ರೆಡಿಟ್‌ಗಳಲ್ಲಿ ಅರ್ಧ ಆ ವಿಷಯದಲ್ಲೇ ಇರಬೇಕು, ಉಳಿದರ್ಧ ವಿದ್ಯಾರ್ಥಿಯ ಆಯ್ಕೆ. ಅರ್ಥಶಾಸ್ತ್ರದ ಮೇಜರ್ ಇರುವವರು ಸಂಖ್ಯಾಶಾಸ್ತ್ರದಲ್ಲಿ ಕನಿಷ್ಠ 12 ಕ್ರೆಡಿಟ್ ಗಳಿಸಿದರೆ ಸಂಖ್ಯಾಶಾಸ್ತ್ರದ ಮೈನರ್ ಸಹಿತ ಬಿಎ ಸಿಗುತ್ತದೆ ಎಂದು ಯುಜಿಸಿಯೇ ಉದಾಹರಣೆ ಕೊಟ್ಟಿದೆ. ಸಣ್ಣ ವಿಭಾಗಕ್ಕೆ ನನ್ನ ಸಲಹೆ ಇದೇ: 12 ಕ್ರೆಡಿಟ್, ಮೂರು ಪತ್ರಿಕೆಯಿಂದ ಶುರು ಮಾಡಿ. ಲಿಪಿ ಮತ್ತು ಓದು, ಶಾಸನಗಳ ಹಳಗನ್ನಡ, ಇತಿಹಾಸಕ್ಕೆ ಶಾಸನದ ಆಧಾರ. ನಾಲ್ಕು, ಐದು, ಆರನೇ ಸೆಮಿಸ್ಟರ್‌ಗೆ ಒಂದೊಂದು. ಎರಡು ಬ್ಯಾಚ್ ಒಟ್ಟಿಗಿದ್ದರೂ ವಾರಕ್ಕೆ 10 ಗಂಟೆ ದಾಟುವುದಿಲ್ಲ. ಆರು ಪತ್ರಿಕೆಯ ಕನಸನ್ನು ಮೂರು ವರ್ಷ ಆದ ಮೇಲೆ ಕಾಣಬಹುದು.

ಲೆಕ್ಕ ಆದ ಮೇಲೆ ಟೈಮ್‌ಟೇಬಲ್ ಮಾಡುವವರ ಹತ್ತಿರ ಹೋಗಿ. ಪ್ರಿನ್ಸಿಪಾಲರ ಹತ್ತಿರ ಹೋಗುವ ಮುಂಚೆ. ಬಿಎ, ಬಿಕಾಂ, ಬಿಎಸ್ಸಿ ಮೂವರೂ ಒಂದೇ ಹೊತ್ತಿಗೆ ಖಾಲಿ ಇರುವ ಪೀರಿಯಡ್ ಎಷ್ಟಿದೆ ಎಂದು ಕೇಳಿ. ಬಿಎಸ್ಸಿಯವರು ಮಧ್ಯಾಹ್ನ ಲ್ಯಾಬ್‌ನಲ್ಲಿರುತ್ತಾರೆ. ನೀವು ಮಧ್ಯಾಹ್ನ ಮೂರಕ್ಕೆ ಮೈನರ್ ಇಟ್ಟರೆ 'ಎಲ್ಲ ವಿದ್ಯಾರ್ಥಿಗಳಿಗೂ ಮುಕ್ತ' ಎಂಬ ಮಾತು ಕಾಗದದ ಮೇಲೆ ಮಾತ್ರ.

ಹೆಜ್ಜೆ 3: ಇದು ಯಾರ ಮನೆಯ ಕೂಸು?

ಶಾಸನ ಇತಿಹಾಸದ್ದೋ ಕನ್ನಡದ್ದೋ? ಈ ಪ್ರಶ್ನೆಗೆ ಸ್ಟಾಫ್ ರೂಮಿನಲ್ಲಿ ಎರಡು ಟೀ ಮುಗಿದರೂ ಉತ್ತರ ಸಿಗುವುದಿಲ್ಲ. ಆದರೂ ಕಾಗದದಲ್ಲಿ ಒಂದೇ ಉತ್ತರ ಇರಬೇಕು. 'ಎರಡೂ ವಿಭಾಗಗಳು ಸೇರಿ ನಡೆಸುತ್ತವೆ' ಎಂದು ಬರೆದರೆ ಎರಡು ವರ್ಷದೊಳಗೆ ಯಾರೂ ನಡೆಸುವುದಿಲ್ಲ. ಪ್ರಶ್ನೆಪತ್ರಿಕೆ ಮಾಡಿಸುವುದು, ಪರೀಕ್ಷಕರ ಪಟ್ಟಿ ಕಳಿಸುವುದು, ಫೇಲಾದವರಿಗೆ ಉತ್ತರ ಹೇಳುವುದು ಇವೆಲ್ಲ ಒಬ್ಬ ಮುಖ್ಯಸ್ಥರ ಹೆಗಲಿಗೆ ಬರಬೇಕು.

ನಾನು ನೋಡಿದ ಸರಳ ಪರಿಹಾರ: ಒಂದು ವಿಭಾಗ ಒಡೆಯ, ಇನ್ನೊಂದು ಪಾಲುದಾರ. ನಮ್ಮ ಉದಾಹರಣೆಯಲ್ಲಿ ಇತಿಹಾಸ ವಿಭಾಗ ಒಡೆಯ ಅನ್ನೋಣ. ಹಳಗನ್ನಡದ ಪತ್ರಿಕೆಯನ್ನು ಕನ್ನಡ ವಿಭಾಗ ಪಾಠ ಮಾಡುತ್ತದೆ. ಹಾಗೆಂದು ಕನ್ನಡ ವಿಭಾಗದ ಮುಖ್ಯಸ್ಥರು ಒಂದು ಪುಟದ ಒಪ್ಪಿಗೆ ಪತ್ರ ಕೊಡುತ್ತಾರೆ. ಪತ್ರದಲ್ಲಿ ಸೆಮಿಸ್ಟರ್, ಗಂಟೆ, ಎಷ್ಟು ವರ್ಷ ಎಂಬುದು ಇರಲಿ. "ನಮ್ಮ ಸಹಕಾರ ಇರುತ್ತದೆ" ಎಂಬ ಪತ್ರ ಸುಮ್ನೆ ಫೈಲ್ ದಪ್ಪ ಮಾಡುತ್ತದೆ, ಅಷ್ಟೇ.

ಗ್ರಂಥಾಲಯಕ್ಕೂ ಒಮ್ಮೆ ಹೋಗಿ ಬನ್ನಿ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಕಾಲದಿಂದ ಅಚ್ಚಾಗುತ್ತಾ ಬಂದ ಶಾಸನ ಸಂಪುಟಗಳು ನಿಮ್ಮಲ್ಲಿ ಇವೆಯೋ, ಇಲ್ಲದಿದ್ದರೆ ಎಲ್ಲಿ ಸಿಗುತ್ತವೆ ಎಂದು ಬರೆದಿಟ್ಟುಕೊಳ್ಳಿ. ಹೊರಗಿನ ತಜ್ಞರು ಖಂಡಿತ ಕೇಳುತ್ತಾರೆ.

ಹೆಜ್ಜೆ 4: ನಿಯಮಗಳನ್ನು ಗುಮಾಸ್ತರಿಗೆ ಅರ್ಥವಾಗುವಂತೆ ಬರೆಯಿರಿ

ಸಿಲೆಬಸ್ ಬರೆಯುವುದು ಮೇಷ್ಟ್ರುಗಳಿಗೆ ಖುಷಿಯ ಕೆಲಸ. ನಿಯಮ ಬರೆಯುವುದು ಬೇಜಾರಿನ ಕೆಲಸ. ಆದರೆ ಮೂರು ವರ್ಷ ಬಿಟ್ಟು ಪರೀಕ್ಷಾ ವಿಭಾಗದಲ್ಲಿ ಕೂತ ಒಬ್ಬರು ಅಂಕಪಟ್ಟಿ ಪ್ರಿಂಟ್ ಮಾಡುವಾಗ, ಈ ಹುಡುಗಿಗೆ ಮೈನರ್ ಬಂತೋ ಇಲ್ಲವೋ ಎಂದು ನಿಮಗೆ ಫೋನ್ ಮಾಡದೆ ತೀರ್ಮಾನಿಸುವಂತಿರಬೇಕು.

ಯಾವ ಪತ್ರಿಕೆಗಳು ಕಡ್ಡಾಯ, ಯಾವುವು ಆಯ್ಕೆ ಎಂದು ಕೋಡ್ ಸಮೇತ ಬರೆಯಿರಿ. ಯಾವ ಸೆಮಿಸ್ಟರ್‌ನಲ್ಲಿ ಆರಿಸಬೇಕು, ಎಷ್ಟು ಸೀಟು, ಹೆಚ್ಚು ಜನ ಬಂದರೆ ಯಾರಿಗೆ ಮೊದಲು ಎಂಬುದೂ ಇರಲಿ. ಕನಿಷ್ಠ ಎಷ್ಟು ಮಂದಿ ಬಂದರೆ ತರಗತಿ ನಡೆಯುತ್ತದೆ ಎಂಬುದನ್ನು ಹೇಳಲು ಎಲ್ಲರಿಗೂ ಸಂಕೋಚ. ಹೇಳಿಬಿಡಿ. ಒಂದು ಪತ್ರಿಕೆ ಫೇಲಾದರೆ ಪದವಿಯೇ ನಿಲ್ಲುತ್ತದೋ, ಮೈನರ್ ಗುರುತು ಮಾತ್ರ ಹೋಗುತ್ತದೋ? ಕ್ರೆಡಿಟ್‌ಗಳು ಪದವಿಯ ಒಟ್ಟು ಲೆಕ್ಕದ ಒಳಗಿದ್ದರೆ ಆ ಕೊರತೆ ತುಂಬಲೇಬೇಕು. ಇದನ್ನು ವಿದ್ಯಾರ್ಥಿಗೆ ಮೊದಲೇ ಹೇಳದಿದ್ದರೆ ಆರನೇ ಸೆಮಿಸ್ಟರ್‌ನಲ್ಲಿ ಕಣ್ಣೀರು.

ಎರಡು ಸಲ ಎಣಿಸುವ ಪ್ರಶ್ನೆ ಬಹಳ ತೊಡಕಿನದು. ಇತಿಹಾಸ ಮೇಜರ್ ಇರುವವಳು ಮೇಜರ್‌ನಲ್ಲೇ ಕರ್ನಾಟಕ ಇತಿಹಾಸದ ಪತ್ರಿಕೆ ಓದಿರುತ್ತಾಳೆ. ಹೆಚ್ಚು ಕಡಿಮೆ ಅದೇ ಪತ್ರಿಕೆ ಮೈನರ್‌ನಲ್ಲೂ ಬಂದರೆ? ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಮೇಜರ್‌ಗೂ ಮೈನರ್‌ಗೂ ಒಟ್ಟಿಗೆ ಎಣಿಸಬಹುದಾದ ಕೋರ್ಸ್‌ಗಳಿಗೆ ಮಿತಿ ಹಾಕುತ್ತವೆ. ನಮ್ಮಲ್ಲಿ ಮೇಜರ್‌ನ 60 ಮತ್ತು ಮೈನರ್‌ನ 24 ಬೇರೆ ಬೇರೆ ಡಬ್ಬಿಗಳು. ಒಂದೇ ನಾಣ್ಯವನ್ನು ಎರಡರಲ್ಲೂ ಹಾಕಲು ಬರುವುದಿಲ್ಲ. ಹಾಗಾಗಿ ಇತಿಹಾಸದವರಿಗೆ ಒಂದು ಬದಲಿ ಪತ್ರಿಕೆ ಇಡಿ. ಇಲ್ಲವೇ ಈ ಮೈನರ್ ಇತಿಹಾಸ ಮೇಜರ್‌ನವರಿಗಲ್ಲ ಎಂದು ಧೈರ್ಯವಾಗಿ ಬರೆಯಿರಿ. ನನಗೆ ಎರಡನೆಯದೇ ಇಷ್ಟ.

ಪೂರ್ವಸಿದ್ಧತೆಯ ವಿಷಯದಲ್ಲಿ ನಾವೇ ಒಮ್ಮೆ ಎಡವಿದ್ದೆವು. ಯಾವ ಕಾಲೇಜು ಅಂತ ಬೇಡ. ಮೂರು ಪತ್ರಿಕೆಯ ಪ್ರಸ್ತಾವ ಚೆನ್ನಾಗಿಯೇ ಇತ್ತು. ಮಂಡಳಿಯ ಮೇಲಿನ ವಿದ್ಯಾವಿಷಯಕ ಪರಿಷತ್ತಿನ ಸಭೆಯಲ್ಲಿ ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ಎರಡನೇ ಪತ್ರಿಕೆಯ ಮೊದಲ ಘಟಕ ಓದಿ, "ಹೈಸ್ಕೂಲಿನ ನಂತರ ಕನ್ನಡವನ್ನೇ ಓದದ ಬಿಕಾಂ ಹುಡುಗಿ ಬಂದರೆ ಇಲ್ಲಿ ಏನು ಮಾಡುತ್ತಾಳೆ?" ಎಂದು ಕೇಳಿದರು. ಉತ್ತರವಿರಲಿಲ್ಲ. ಹೆಸರಿಗೆ ಎಲ್ಲರಿಗೂ ಮುಕ್ತ, ಒಳಗೆ ಕನ್ನಡ ಐಚ್ಛಿಕ ಓದಿದವರಿಗೆ ಮಾತ್ರ. ಫೈಲ್ ವಾಪಸ್ ಬಂತು, ಒಂದು ವರ್ಷ ಹೋಯಿತು. ತಪ್ಪು ನಮ್ಮದೇ. ಕೊನೆಗೆ ಮೊದಲ ಪತ್ರಿಕೆಯಲ್ಲೇ ಹಳಗನ್ನಡದ ಅಕ್ಷರಾಭ್ಯಾಸ ಸೇರಿಸಿದೆವು. ಹಲ್ಮಿಡಿ ಶಾಸನವನ್ನು ಮುಂದಕ್ಕೆ ತಳ್ಳಿ, ಓದಲು ಸುಲಭವಾದ ನಂತರದ ಕಾಲದ ವೀರಗಲ್ಲುಗಳಿಂದ ಶುರು ಮಾಡಿದೆವು. ಅದೇ ಒಳ್ಳೆಯದಾಯಿತು ಅನ್ನಿ.

ಹೆಜ್ಜೆ 5: ಸಭೆಗಳ ಮೆಟ್ಟಿಲು

ವಿಭಾಗದ ಸಭೆಯ ನಡಾವಳಿಯಿಂದ ಶುರು. ಅಲ್ಲಿಂದ ಅಧ್ಯಯನ ಮಂಡಳಿ. ಸ್ವಾಯತ್ತ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರೇ ಇದರ ಅಧ್ಯಕ್ಷರು. ವಿಭಾಗದ ಅಧ್ಯಾಪಕರ ಜೊತೆಗೆ ಹೊರಗಿನ ವಿಷಯ ತಜ್ಞರು, ಕುಲಪತಿಗಳು ನಾಮನಿರ್ದೇಶನ ಮಾಡಿದವರು, ಉದ್ಯಮದ ಒಬ್ಬರು, ಹಳೆಯ ವಿದ್ಯಾರ್ಥಿಯೊಬ್ಬರು ಇರುತ್ತಾರೆ. ಶಾಸನಕ್ಕೆ ಉದ್ಯಮ ಎಲ್ಲಿಂದ ತರೋದು ಅನ್ನಬೇಡಿ. ವಸ್ತುಸಂಗ್ರಹಾಲಯ, ಡಿಜಿಟಲ್ ದಾಖಲಾತಿ, ಪ್ರವಾಸೋದ್ಯಮ ಎಲ್ಲವೂ ಇವೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುವ ಕೆಲಸ ನಡೆಸಿದೆ. ಅಂಥ ಕೆಲಸ ಬಲ್ಲವರ ಮಾತು ಮಂಡಳಿಗೆ ಉಪಯೋಗ.

ಅಧ್ಯಯನ ಮಂಡಳಿ ಸಿಲೆಬಸ್ ನೋಡುತ್ತದೆ. ಮೇಲಿನ ವಿದ್ಯಾವಿಷಯಕ ಪರಿಷತ್ತು ನೋಡುವುದು ಬೇರೆ: ಇದು ಪದವಿಯ ಒಟ್ಟು ರಚನೆಗೆ ಹೊಂದುತ್ತದೆಯೇ, ಬೇರೆ ವಿಭಾಗದ ಕಾಲು ತುಳಿಯುತ್ತದೆಯೇ, ಪರೀಕ್ಷೆ ನಡೆಸಲು ಆಗುತ್ತದೆಯೇ. ಸ್ವಾಯತ್ತ ಕಾಲೇಜಿನ ಪರಿಷತ್ತಿನಲ್ಲಿ ವಿಶ್ವವಿದ್ಯಾಲಯದ ಪ್ರತಿನಿಧಿಗಳೂ ಕೂತಿರುತ್ತಾರೆ. ಹೊಸ ಹುದ್ದೆ, ಶುಲ್ಕ, ಖರ್ಚು ಇದ್ದರೆ ಹಣಕಾಸು ಸಮಿತಿ ಮತ್ತು ಆಡಳಿತ ಮಂಡಳಿಗೂ ಹೋಗಬೇಕು. ರಾಜ್ಯ ವಿಶ್ವವಿದ್ಯಾಲಯದ ಮಟ್ಟದಲ್ಲಾದರೆ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಏಣಿ: ಅಧ್ಯಯನ ಮಂಡಳಿ, ನಿಕಾಯ (ಫ್ಯಾಕಲ್ಟಿ), ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟ್. ಸ್ವಾಯತ್ತವಲ್ಲದ ಸಂಯೋಜಿತ ಕಾಲೇಜಿನವರು ತಮ್ಮಷ್ಟಕ್ಕೆ ತಾವು ಮೈನರ್ ಹುಟ್ಟಿಸಲಾರರು. ವಿಶ್ವವಿದ್ಯಾಲಯದ ಮಂಡಳಿಗೆ ಮನವಿ ಕೊಡುವುದೊಂದೇ ದಾರಿ.

ಈ ಸಭೆಗಳು ಪ್ರತಿ ತಿಂಗಳೂ ನಡೆಯುವುದಿಲ್ಲ. ಒಂದು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಹಿಂದಿನಿಂದ ಎಣಿಸಿಕೊಂಡು ಬನ್ನಿ: ಪ್ರವೇಶ ಜೂನ್‌ನಲ್ಲಿ ಆದರೆ ಫೈಲ್ ಹಿಂದಿನ ಅಕ್ಟೋಬರ್‌ನಲ್ಲೇ ವಿಭಾಗದಿಂದ ಹೊರಟಿರಬೇಕು. ಸಭೆಗೆ ಎರಡು ವಾರ ಮುಂಚೆ ಹೊರಗಿನ ತಜ್ಞರಿಗೆ ಪ್ರತಿ ಕಳಿಸಿ, ಫೋನ್ ಮಾಡಿ ಅಭಿಪ್ರಾಯ ಕೇಳಿ. ಸಭೆಯಲ್ಲಿ ಮೊದಲ ಸಲ ಓದಿದವರು ತಪ್ಪು ಹುಡುಕಿಯೇ ಹುಡುಕುತ್ತಾರೆ. ಅದು ಮನುಷ್ಯ ಸ್ವಭಾವ.

ಹೆಜ್ಜೆ 6: ಪಾಸಾದ ಮೇಲಿನ ಕೆಲಸ

ನಡಾವಳಿಯ ಪ್ರತಿ ಕೈಗೆ ಬಂದರೆ ಅರ್ಧ ಕೆಲಸ ಮುಗಿಯಿತು. ಅಧಿಸೂಚನೆ ಹೊರಡಬೇಕು. ಪತ್ರಿಕೆಗಳಿಗೆ ಕೋಡ್ ಸಿಗಬೇಕು. ರಾಜ್ಯ ವಿಶ್ವವಿದ್ಯಾಲಯಗಳಾದರೆ ಪ್ರವೇಶ, ಪರೀಕ್ಷೆಗಳ ಲೆಕ್ಕ ಇಡುವ ಯುಯುಸಿಎಂಎಸ್ ತಂತ್ರಾಂಶದಲ್ಲಿ ಪತ್ರಿಕೆ, ಕ್ರೆಡಿಟ್, ಮೈನರ್ ಎಂಬ ವಿಭಾಗ ಸರಿಯಾಗಿ ಕೂರಬೇಕು. ಅಲ್ಲಿ ಕೂರದ ಮೈನರ್ ಅಂಕಪಟ್ಟಿಯಲ್ಲೂ ಕೂರುವುದಿಲ್ಲ. ಅಂಕಪಟ್ಟಿಯಲ್ಲಿ ಏನೆಂದು ಅಚ್ಚಾಗುತ್ತದೆ ಎಂಬ ಮಾದರಿ ಸಾಲನ್ನು ನಡಾವಳಿಯಲ್ಲೇ ಸೇರಿಸಿಬಿಡಿ. ಕ್ರೆಡಿಟ್‌ಗಳು, ಅವು ವಿದ್ಯಾರ್ಥಿಯ ಹೆಸರಿನಲ್ಲಿ ಜಮೆಯಾಗುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೂ ಹೋಗಬೇಕು. ಯಾವುದಾದರೂ ಪತ್ರಿಕೆಯನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ 'ಸ್ವಯಂ' ಪೋರ್ಟಲ್‌ನಿಂದ ಓದಲು ಬಿಡುವುದಾದರೆ, 2021ರ ನಿಯಮದಂತೆ ಒಂದು ಸೆಮಿಸ್ಟರ್‌ನಲ್ಲಿ ಒಂದು ಪದವಿಯ ಪತ್ರಿಕೆಗಳಲ್ಲಿ ಶೇ. 40ರವರೆಗೆ ಅವಕಾಶ ಇದೆ. ಯಾವ ಕೋರ್ಸ್ ಯಾವುದಕ್ಕೆ ಸಮ ಎಂಬ ಪಟ್ಟಿ ಪ್ರತಿ ಸೆಮಿಸ್ಟರ್‌ಗೂ ಹೊಸದಾಗಿ ಬೇಕು. ಹಿಂದಿನ ವರ್ಷ ಇದ್ದ ಕೋರ್ಸ್ ಈ ವರ್ಷ ಇರುತ್ತದೆ ಎಂಬ ಭರವಸೆ ಇಲ್ಲ.

ಮುಚ್ಚುವ ನಿಯಮವನ್ನೂ ಆಗಲೇ ಬರೆದಿಡಿ. ಸತತ ಎರಡು ವರ್ಷ ಕನಿಷ್ಠ ಸಂಖ್ಯೆ ಬರದಿದ್ದರೆ ಹೊಸ ಪ್ರವೇಶ ನಿಲ್ಲುತ್ತದೆ, ಒಳಗಿರುವವರಿಗೆ ಪೂರ್ತಿ ಪಾಠ ನಡೆಯುತ್ತದೆ ಎಂದು. ಮದುವೆ ಮನೆಯಲ್ಲಿ ಅಪಶಕುನ ಮಾತಾಡಿದ ಹಾಗೆ ಅನ್ನಿಸಬಹುದು. ಆದರೆ ಪರಿಷತ್ತಿನವರು ಈ ಸಾಲು ನೋಡಿದರೆ ನಿಮ್ಮನ್ನು ಹೆಚ್ಚು ನಂಬುತ್ತಾರೆ.

ವಿದ್ಯಾರ್ಥಿಗಳು, ಪೋಷಕರಿಗೆ

ಅಮೆರಿಕಕ್ಕೆ ಹೋಗುವವರು ಮೊದಲು ಕೇಳಿ. ಅಲ್ಲಿ ಓದು ಮುಗಿದ ಮೇಲೆ 12 ತಿಂಗಳ ಒಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ), ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯವಾದರೆ ಇನ್ನೂ 24 ತಿಂಗಳು ವಿಸ್ತರಣೆ ಸಿಗುವ ವ್ಯವಸ್ಥೆ ಇದೆ. ಅದನ್ನು ನಿರ್ಧರಿಸುವುದು ಪದವಿಯ ಮೇಜರ್‌ಗೆ ಕೊಟ್ಟ ಆರು ಅಂಕಿಯ, ವಿಷಯ ಗುರುತಿಸುವ ಸಿಐಪಿ ಕೋಡ್. ಅದು ವಿದ್ಯಾರ್ಥಿ ವೀಸಾಕ್ಕೆಂದು ಅಲ್ಲಿನ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಇರುತ್ತದೆ. ಮೈನರ್ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾನೇಜ್‌ಮೆಂಟ್ ಮೇಜರ್ ಜೊತೆಗೆ ಕಂಪ್ಯೂಟರ್ ಸೈನ್ಸ್ ಮೈನರ್ ಮಾಡಿದೆ, ಅದೇ ಸಾಕು ಎಂದುಕೊಂಡಿದ್ದರೆ ಸೇರುವ ಮುಂಚೆಯೇ ಐ-20ರ ಕೋಡ್ ನೋಡಿಕೊಳ್ಳಿ. ಕಾನ್ಸಂಟ್ರೇಷನ್‌ನ ಹೆಸರು ಎಷ್ಟೇ ತಾಂತ್ರಿಕವಾಗಿ ಕೇಳಿಸಿದರೂ ನೋಡಬೇಕಾದದ್ದು ಆ ಕೋಡನ್ನೇ.

ಇಲ್ಲೇ ಓದುವವರು ಪ್ರವೇಶದ ದಿನ ಕೌಂಟರಿನಲ್ಲಿ ಮೂರು ಕಾಗದ ಕೇಳಿ. ಮೈನರ್‌ಗೆ ಒಪ್ಪಿಗೆ ಕೊಟ್ಟ ಪರಿಷತ್ತಿನ ನಡಾವಳಿ ಅಥವಾ ಅಧಿಸೂಚನೆ. ಪತ್ರಿಕೆಗಳು ಮತ್ತು ಕ್ರೆಡಿಟ್‌ಗಳ ಸೆಮಿಸ್ಟರ್‌ವಾರು ಪಟ್ಟಿ. ಈಗಾಗಲೇ ಒಂದು ಬ್ಯಾಚ್ ಹೊರಗೆ ಹೋಗಿದ್ದರೆ ಅವರ ಅಂಕಪಟ್ಟಿಯ ಮಾದರಿ, ಹೆಸರು ಮರೆಮಾಡಿ ತೋರಿಸಿದರೂ ಸಾಕು. "ಬರುತ್ತೆ ಮೇಡಂ, ಪ್ರೋಸೆಸ್‌ನಲ್ಲಿದೆ" ಎಂಬ ಉತ್ತರ ಬಂದರೆ, ಆ ವರ್ಷ ಬೇರೆ ಮೈನರ್ ಆರಿಸಿಕೊಳ್ಳಿ.